ಮಂಜಲ್‌ಪುರದ ಮನೆಯ ಮೂರು ಕೆಂಪು ತಂತಿಗಳು

ನನ್ನ ಅತ್ತೆ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾವು ವಡೋದರಾದ ಮಂಜಲ್‌ಪುರದಲ್ಲಿ ಬಾಡಿಗೆಗಿದ್ದೆವು. ನಾನು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ನಮ್ಮವರು ಕೊಯಾಲಿಯ ತೈಲ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಒಂದು ದೀಪಾವಳಿಗೆ ಅತ್ತೆ ರೈಲಿನಲ್ಲಿ ಬಂದಿಳಿದಾಗ ಅವರ ಸಾಮಾನಿನ ಜೊತೆ ಒಂದು ಗೋಣಿಚೀಲ ಬಿಳಿಜೋಳವೂ ಇಳಿಯಿತು.

ಜೋಳವೇನೋ ಬಂತು, ಹಿಟ್ಟು ಮಾಡಿಸುವುದು ಹೇಗೆ? ನಮ್ಮ ಓಣಿಯ ಗಿರಣಿಯವನು ಗೋಧಿ, ಸಜ್ಜೆ, ಕಡಲೆ ಎಲ್ಲವನ್ನೂ ಒಂದರ ಹಿಂದೆ ಒಂದು ಬೀಸುತ್ತಿದ್ದ. ನಮ್ಮ ಜೋಳದ ಹಿಟ್ಟು ಯಾವಾಗಲೂ ಯಾರದೋ ಮನೆಯ ಸಜ್ಜೆಯ ಬಣ್ಣ ಹೊತ್ತು ಬರುತ್ತಿತ್ತು. ಒಮ್ಮೆಗೇ ಬಹಳ ಬೀಸಿಸಿ ಇಡೋಣವೆಂದರೆ, ಹಳೆಯ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಬಡಿಯುವಾಗಲೇ ಅಂಚು ಒಡೆಯುತ್ತಿತ್ತು. ಆಗ ಗುಜರಾತಿನ ಮನೆಮನೆಗೂ ಘರಘಂಟಿ ಬರುತ್ತಿದ್ದ ಕಾಲ. ಸಣ್ಣ ಕಪಾಟಿನಂಥ ಪೆಟ್ಟಿಗೆ, ಮೇಲೆ ಕಾಳು ಸುರಿಯುವ ಬಾಯಿ, ಒಳಗೆ ಮೋಟಾರು. ಮನೆಯಲ್ಲೇ ಬೇಕಾದಷ್ಟು ಬೀಸಿಕೊಳ್ಳಬಹುದು. ಹೊಸ ಸಾಮಾನು ಕೊಳ್ಳುವ ಹಬ್ಬವಾದ ಧನತೇರಸ್ ದಿನ ನಾವೂ ಒಂದನ್ನು ತಂದೆವು.

ಅದಕ್ಕೆ ಅಡುಗೆಮನೆಯಲ್ಲಿ ದೊಡ್ಡ ಮೂರು ಪಿನ್ನಿನ ಸಾಕೆಟ್ ಬೇಕಿತ್ತು. ನಮ್ಮಲ್ಲಿದ್ದುದು ಮಿಕ್ಸರಿಗೆ ಸಾಲುವಂಥ ಚಿಕ್ಕದು. ಒಲೆಕಟ್ಟೆಯ ಪಕ್ಕದ ಮೂಲೆಯಲ್ಲಿ ಮಾತ್ರ ಒಂದು ಮರದ ಪೆಟ್ಟಿಗೆ ಗೋಡೆಯೊಳಗೆ ಕೂತಿತ್ತು, ಮೇಲೆ ಬರಿಯ ಮುಚ್ಚಳ. ಹಿಂದೆ ಯಾರೋ ಬಾಡಿಗೆದಾರರು ಅಲ್ಲಿದ್ದ ಸಾಕೆಟ್ ಕಿತ್ತುಕೊಂಡು ಹೋಗಿದ್ದರಂತೆ. ಪರಿಚಯದ ವೈರ್‌ಮನ್ ಬಂದು ನೋಡಿ, ಹೊಸ ಸಾಕೆಟ್, ಸ್ವಿಚ್ಚು ತಂದು ಕಟ್ಟೆಯ ಮೇಲಿಟ್ಟು, "ಕಾಲ್ ಆವೀಶ್" ಎಂದು ಹೋದ. ನಾಳೆ ಬರುತ್ತೇನೆ ಎಂದರ್ಥ. ಆ ನಾಳೆ ಬರಲಿಲ್ಲ. ದೀಪಾವಳಿಗೆ ಊರಿಗೆ ಹೋದವನು ಅಂಗಡಿಗಳು ಮತ್ತೆ ತೆರೆಯುವ ಲಾಭಪಂಚಮಿಯ ತನಕ ತಿರುಗಿ ಬರುವುದಿಲ್ಲವೆಂದು ಅವನ ಪಕ್ಕದ ಅಂಗಡಿಯವರು ಹೇಳಿದರು. ಆ ದಿನಗಳಲ್ಲಿ ಆ ಊರೇ ಹಾಗೆ, ಬಾಗಿಲೆಳೆದುಕೊಂಡು ಸುಮ್ಮನಾಗಿಬಿಡುತ್ತದೆ.

ಅತ್ತೆ ಹೊಸ ಘರಘಂಟಿಯನ್ನು ಒರೆಸಿದರು, ಅದರ ಬಾಯಿ ತೆಗೆದು ನೋಡಿದರು, ಮುಚ್ಚಿದರು. ಆಮೇಲೆ ಕಟ್ಟೆಯ ಮೇಲಿನ ಸಾಕೆಟ್ ಕೈಗೆತ್ತಿಕೊಂಡು ಬಹಳ ಹೊತ್ತು ಕೂತರು.

"ಇದನ್ನ ನಾನ ಕೂಡಸತೀನಿ," ಎಂದರು.

ನಮ್ಮವರು ಪೇಪರ್ ಕೆಳಗಿಟ್ಟರು. "ಅವ್ವಾ, ಬ್ಯಾಡ. ಕರೆಂಟಿನ ಜೋಡಿ ಆಟ ಏನು?"

"ಆಟ ಅಂತ ಯಾರಂದ್ರು? ವರ್ಷಾ ವರ್ಷಾ ಹುಡುಗ್ಯಾರಿಗೆ ಬೋರ್ಡಿನ ಮ್ಯಾಲೆ ಬರದು ತೋರಿಸೀನಿ. ಸಜೀವ ತಂತಿ, ತಟಸ್ಥ ತಂತಿ, ಭೂ ತಂತಿ. ಪರೀಕ್ಷಾದಾಗ ಖಾಯಂ ಬರೋ ಚಿತ್ರ ಅದು."

"ಕೈಯಾರೆ ಎಂದಾರ ಕೂಡಿಸೀರೇನ್ರಿ ಅತ್ಯಾ?" ಎಂದು ನಾನು ಕೇಳಿದೆ.

ಅವರು ನನ್ನ ಮುಖ ನೋಡಿ ನಕ್ಕರು. "ಒಮ್ಮೆನೂ ಇಲ್ಲ. ಲ್ಯಾಬಿನ ಜವಾನ ಮಾಡತಿದ್ದ, ನಾ ದೂರ ನಿಂತು ಹೇಳತಿದ್ದೆ. ಅದಕ್ಕ ಈಗ ಮಾಡಬೇಕು ಅನಸ್ತದ."

ಆ ಉತ್ತರ ಕೇಳಿದ ಮೇಲೆ ನಾನು ಅವರ ಪಕ್ಷವಾದೆ. ತಮಗೆ ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಎಂಬುದನ್ನು ಅಷ್ಟು ಸರಳವಾಗಿ ಹೇಳಿಕೊಳ್ಳುವ ಹಿರಿಯರನ್ನು ನಾನು ಹೆಚ್ಚು ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ, ಬಿಸಿಲು ಅಡುಗೆಮನೆಯ ಕಿಟಕಿಗೆ ಚೆನ್ನಾಗಿ ಬಂದ ಮೇಲೆ, ಕೆಲಸ ಶುರುವಾಯಿತು. ಅತ್ತೆ ಬಳೆ ತೆಗೆದಿಟ್ಟರು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡರು. ಕಾಲಿಗೆ ರಬ್ಬರಿನ ಚಪ್ಪಲಿ, ಕೆಳಗೆ ಮರದ ಮಣೆ. ನಮ್ಮದು ಮಹಡಿಯ ಮನೆ, ಅದರ ಮೇನ್ ಸ್ವಿಚ್ ಇದ್ದುದು ಕೆಳಗೆ, ಮೆಟ್ಟಿಲ ಸಂದಿಯಲ್ಲಿ. ಕೆಳಮನೆಯಲ್ಲಿ ಮಾಲೀಕರು: ಮಕರಪುರಾದ ಕಾರ್ಖಾನೆಯಿಂದ ನಿವೃತ್ತರಾದ ಕಾಕಾ, ನಾವು ಮಾಸಿ ಎಂದು ಕರೆಯುತ್ತಿದ್ದ ಅವರ ಹೆಂಡತಿ. ಮೇಲೆ ಕೆಲಸ ನಡೆಯುವಾಗ ಯಾರಾದರೂ ಗೊತ್ತಿಲ್ಲದೆ ಸ್ವಿಚ್ ಹಾಕಿಬಿಟ್ಟರೆ? ಅತ್ತೆ ಕೆಳಗಿಳಿದು ಹೋಗಿ ಮಾಸಿಯನ್ನೇ ಸ್ಟೂಲು ಹಾಕಿ ಮೇನ್ ಸ್ವಿಚ್ ಎದುರು ಕೂರಿಸಿದರು.

ಮಾಸಿಗೆ ಕನ್ನಡ ಬಾರದು, ಅತ್ತೆಗೆ ಗುಜರಾತಿ ಬಾರದು. ಇಬ್ಬರ ಹಿಂದಿಯೂ ಅವರವರದೇ. ಆದರೆ "ಚಾಲೂ" ಮತ್ತು "ಬಂದ್" ಎಂಬ ಎರಡು ಮಾತು ಧಾರವಾಡದಲ್ಲೂ ಅವೇ, ವಡೋದರಾದಲ್ಲೂ ಅವೇ. ಅತ್ತೆ ಆ ಎರಡರಲ್ಲೇ ಕರಾರು ಮಾಡಿದರು. ತಾವು ಮೇಲಿನಿಂದ ಕೂಗಿದ್ದನ್ನು ಮಾಸಿ ಮೊದಲು ತಿರುಗಿ ಕೂಗಬೇಕು, ಅದು ಸರಿಯೆಂದು ತಾವು ಮತ್ತೊಮ್ಮೆ ಕೂಗಿದ ಮೇಲೆಯೇ ಸ್ವಿಚ್ಚಿಗೆ ಕೈಹಚ್ಚಬೇಕು. ಮಾಸಿ ಇದನ್ನು ಕೇಳಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಪೂಜೆಗೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

"ಬಂದ್?" ಎಂದು ಮೇಲಿನಿಂದ.

"ಬಂದ್!" ಎಂದು ಕೆಳಗಿನಿಂದ.

"ಬಂದ್!"

ಕಬ್ಬಿಣದ ಹಿಡಿಕೆ ಖಟ್ ಎಂದಿತು. ಅಡುಗೆಮನೆಯ ಬಲ್ಬು ಆರಿತು. ಅಷ್ಟಕ್ಕೇ ಅತ್ತೆ ನಂಬಲಿಲ್ಲ, ಟೆಸ್ಟರ್ ಹಚ್ಚಿ ನೋಡಿದರು. ಆಮೇಲೆ ಪೆಟ್ಟಿಗೆಯ ಮುಚ್ಚಳದ ಸ್ಕ್ರೂ ಬಿಚ್ಚಿದರು. ನಾನು ಟಾರ್ಚ್ ಹಿಡಿದೆ. ಒಳಗೆ ಜೇಡರಬಲೆ, ಸುಣ್ಣದ ಪುಡಿ, ಒಗ್ಗರಣೆಯ ಜಿಡ್ಡು. ಅವುಗಳ ನಡುವಿನಿಂದ ಮೂರು ತಂತಿ ಹೊರಗೆಳೆದು ಬಟ್ಟೆಯಿಂದ ಒರೆಸಿದರು.

ಮೂರೂ ಕೆಂಪು.

ಅವರು ಪಾಠದಲ್ಲಿ ಕಲಿಸಿದ್ದು ಕೆಂಪು, ಕಪ್ಪು, ಹಸಿರು. ಕೆಂಪು ಸಜೀವ, ಕಪ್ಪು ತಟಸ್ಥ, ಹಸಿರು ಭೂ. ಇಲ್ಲಿ ಕೆಲಸ ಮಾಡಿದವನ ಬಳಿ ಕೆಂಪು ಸುರುಳಿಯೊಂದೇ ಉಳಿದಿತ್ತೇನೋ.

"ನೋಡವಾ," ಎಂದರು ಅತ್ತೆ, "ಮೂವರೂ ಕುಂಕುಮಾ ಹಚಗೊಂಡು ಕೂತಾರ. ಯಾರು ಯಾರು ಅಂತ ಈಗ ಕೇಳಬೇಕು."

ಮೂರೂ ತಂತಿಗಳ ತುದಿ ಸುಲಿದು, ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆ ದಿಕ್ಕಿಗೆ ಬಾಗಿಸಿದರು. ನನ್ನನ್ನು ಬಾಗಿಲ ತನಕ ಹಿಂದಕ್ಕೆ ಕಳಿಸಿದರು. "ಚಾಲೂ" ಮೇಲೆ ಕೆಳಗೆ ಓಡಾಡಿತು. ಟೆಸ್ಟರ್ ಮೊದಲ ತಂತಿಗೆ ತಾಗಿತು, ಏನಿಲ್ಲ. ಎರಡನೆಯದಕ್ಕೆ ತಾಗಿದ ಕೂಡಲೇ ಒಳಗಿನ ಸಣ್ಣ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿತು. ಮೂರನೆಯದಕ್ಕೆ ಮತ್ತೆ ಏನಿಲ್ಲ.

"ಬಂದ್!" ಕೂಗಾಟ ಮುಗಿದ ಮೇಲೆ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದು ಆ ತಂತಿಯ ಕೊರಳಿಗೆ ಕಟ್ಟಿದರು. "ಇಕಿ ಸಜೀವ. ಸಿಕ್ಕಳು."

ಉಳಿದೆರಡೂ ಸುಮ್ಮನಿದ್ದವು. ನಾನು, "ಇವೆರಡರಾಗ ಯಾವುದು ಯಾವುದಾದರೇನ್ರಿ, ಎರಡೂ ಕರೆಂಟಿಲ್ಲದ್ದವ," ಎಂದೆ.

"ಸುಮ್ಮ ಇದ್ದವರೆಲ್ಲಾ ಒಂದ ಅಲ್ಲವಾ. ಒಂದು ಕರೆಂಟನ್ನ ತಿರುಗಿ ಮನೀಗೆ ಒಯ್ಯೂದು. ಇನ್ನೊಂದು ಏನಾರ ಹೆಚ್ಚುಕಡಿಮಿ ಆದಾಗ ಮಾತ್ರ ಕೆಲಸಕ್ಕ ಬರೂದು. ಅದಲುಬದಲು ಆದ್ರ ಘರಘಂಟಿ ತಿರಗತದ, ಆದ್ರ ಅದನ್ನ ಮುಟ್ಟಿದಾಕಿ ಗತಿ?"

ಒಂದು ಹೋಲ್ಡರಿಗೆ ಬಲ್ಬು ಹಾಕಿ ಎರಡು ತುಂಡು ವೈರು ಜೋಡಿಸಿದರು. ಮೇನ್ ಬಂದ್ ಇದ್ದಾಗಲೇ ಒಂದು ತುದಿಯನ್ನು ಕೆಂಪು ದಾರದವಳಿಗೆ, ಇನ್ನೊಂದನ್ನು ಉಳಿದ ಇಬ್ಬರಲ್ಲಿ ಒಬ್ಬಳಿಗೆ ಸುತ್ತಿ, ಟೇಪು ಹಚ್ಚಿ, ದೂರ ಸರಿದು ಚಾಲೂ ಮಾಡಿಸಿದರು. ಬಲ್ಬು ಭರ್ತಿ ಬೆಳಗಿತು. ಮತ್ತೆ ಬಂದ್ ಮಾಡಿಸಿ, ಬೆಳಗಿಸಿದವಳಿಗೆ ಕಪ್ಪು ದಾರ ಕಟ್ಟಿ, ವೈರಿನ ತುದಿಯನ್ನು ಇನ್ನೊಬ್ಬಳಿಗೆ ಸುತ್ತಿದರು. ಚಾಲೂ. ಬಲ್ಬು ಕಪ್ಪಗೇ ಇತ್ತು, ಮಿಣಿಮಿಣಿ ಕೂಡ ಇಲ್ಲ.

ನಾನು ಕೆಲಸ ಮುಗಿಯಿತೆಂದೇ ತಿಳಿದೆ. ಬೆಳಗಿದ್ದು ನ್ಯೂಟ್ರಲ್, ಬೆಳಗದ್ದು ಅರ್ಥಿಂಗ್. ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿ ಕೂತರು. ಭೂ ತಂತಿ ನಿಜವಾಗಿ ಭೂಮಿಗೆ ಹೋಗಿದ್ದರೆ ಅದರ ಜೊತೆಗೂ ಬಲ್ಬು ಬೆಳಗಬೇಕಿತ್ತು ಎಂದರು. ಎಲ್ಲಿಗೂ ಹೋಗದ ತಂತಿಗೆ ಹಸಿರು ದಾರ ಕಟ್ಟಲು ಅವರಿಗೆ ಮನಸ್ಸಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ಅತ್ತೆ ಟಾರ್ಚಿನ ಸೆಲ್ಲುಗಳನ್ನೂ ಸಣ್ಣ ಬಲ್ಬನ್ನೂ ಬಿಚ್ಚಿ, ಬಟ್ಟೆ ಒಣಗಿಸುವ ಬಾಲ್ಕನಿಯಿಂದ ಉದ್ದದ ಹಳೆಯ ವೈರು ತಂದು, ಅದನ್ನು ಮೆಟ್ಟಿಲುಗುಂಟ ಕೆಳಗೆ ಇಳಿಬಿಟ್ಟರು. ಮೇಲಿನದೂ ಕೆಳಮನೆಯದೂ, ಎರಡೂ ಮೇನ್ ಬಂದ್. ಕೆಳಗೆ ಮೀಟರ್ ಬೋರ್ಡಿನ ಪಕ್ಕ ನೆಲದೊಳಗೆ ಹೋಗುವ ದಪ್ಪ ಬರಿತಂತಿಯೊಂದಿತ್ತು, ಅದೇ ಮನೆಯ ಅರ್ಥಿಂಗು. ವೈರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯುವುದು ಮಾಸಿಯ ಕೆಲಸ. ಮೇಲೆ ಅತ್ತೆ ಸೆಲ್ಲು, ಬಲ್ಬು ಜೋಡಿಸಿ ಒಂದೊಂದೇ ತಂತಿಗೆ ತಾಗಿಸುತ್ತಿದ್ದರು. ಎರಡು ಸೆಲ್ಲಿನ ಆಟ, ಯಾರಿಗೂ ಅಪಾಯವಿಲ್ಲ.

"ಬೆನ್, ಲೈಟ್ ಥಯೀ?" ದೀಪ ಬಂತೇ ಅಕ್ಕಾ ಎಂದು ಮಾಸಿ ಕೂಗುತ್ತಿದ್ದರು.

"ನಹೀಂ ಬೆನ್! ಜೋರ್ ಸೇ ಪಕಡೋ!"

"ಪಕಡ್ಯೂ ಛೆ! ಹವೇ?" ಹಿಡಿದಿದ್ದೇನಲ್ಲ, ಈಗ ಬಂತೇ ಎಂದು ಮತ್ತೆ ಕೆಳಗಿನಿಂದ.

"ನಹೀಂ!"

ನ್ಯೂಟ್ರಲ್ ತಂತಿಗೆ ಬಲ್ಬು ಬೆಳಗಲಿಲ್ಲ, ಅದು ಸರಿಯೇ. ಭೂ ತಂತಿ ಎಂದುಕೊಂಡದ್ದಕ್ಕೂ ಬೆಳಗಲಿಲ್ಲ. ಅತ್ತೆ ಕೆಳಗಿಳಿದರು. ಮೀಟರ್ ಬೋರ್ಡಿನ ಹಿಂದೆ ಕೈಹಾಕಿ ನೋಡಿದರೆ, ಮೇಲಿನಿಂದ ಇಳಿದ ತಂತಿಯೊಂದು ಅಲ್ಲೇ ತುಂಡಾಗಿ, ಧೂಳಿನಲ್ಲಿ ಜೋತಾಡುತ್ತಿತ್ತು. ಹೊಸ ಬೋರ್ಡು ಕೂರಿಸಿದಾಗ ಯಾರೋ ಕತ್ತರಿಸಿ, ಕೂಡಿಸಲು ಮರೆತಿದ್ದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಾಸಿ ಅಷ್ಟು ನಿಷ್ಠೆಯಿಂದ ಹಿಡಿದಿದ್ದ ಆ ದಪ್ಪ ಬರಿತಂತಿಯನ್ನು ಅತ್ತೆ ಮೆಲ್ಲಗೆ ಎಳೆದರೆ, ನೆಲದ ಮಟ್ಟದಲ್ಲಿ ತುಕ್ಕು ಹಿಡಿದಿದ್ದ ಅದು ಕಿತ್ತು ಕೈಗೆ ಬಂತು. ಮೇಲಿನ ಮನೆಗಷ್ಟೇ ಅಲ್ಲ, ಇಡೀ ಮನೆಗೇ ಅರ್ಥಿಂಗ್ ಇರಲಿಲ್ಲ.

ಕಾಕಾ ಹೊರಗೆ ಬಂದರು. ಅತ್ತೆಯ ಕೈಯಲ್ಲಿ ತುಕ್ಕು ತಂತಿ ನೋಡಿ, "ವರಸೋ ಥೀ ಚಾಲೆ ಛೆ, ಬೆನ್. ಕಶುಂ ನಥೀ ಥತುಂ," ಎಂದರು. ವರ್ಷಗಳಿಂದ ನಡೆಯುತ್ತಿದೆ, ಏನೂ ಆಗುವುದಿಲ್ಲ ಎಂಬ ಮಾತು.

ಅತ್ತೆ ವಾದಕ್ಕಿಳಿಯಲಿಲ್ಲ. ಮಾಸಿಯ ಕಡೆ ತಿರುಗಿ, ಮನೆಯಲ್ಲಿ ಯಾವ ಸಾಮಾನಾದರೂ ಮುಟ್ಟಿದರೆ ಚುರುಕ್ ಎನ್ನುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು.

"ಫ್ರಿಜ್," ಎಂದರು ಮಾಸಿ ತಟ್ಟನೆ. "ಏ ತೋ ಫ್ರಿಜ್‌ನೀ ಆದತ್ ಛೆ."

ಅದು ಫ್ರಿಜ್ಜಿನ ಅಭ್ಯಾಸವಂತೆ! ಅದಕ್ಕೇ ತಾವು ಚಪ್ಪಲಿ ಹಾಕಿಕೊಳ್ಳದೆ ಅದರ ಬಾಗಿಲು ತೆಗೆಯುವುದಿಲ್ಲವೆಂದು ಮಾಸಿ ನಗುತ್ತಲೇ ಹೇಳಿದರು.

ಅತ್ತೆಯ ಮುಖದಲ್ಲಿ ನಗೆ ಇರಲಿಲ್ಲ. "ಆದತ್ ನಹೀಂ ಬೆನ್. ಬೀಮಾರಿ ಹೈ," ಎಂದರು, ಅದು ರೋಗ ಎಂದು. ಬಂದ್ ಮಾಡಿಸಿದ್ದ ಕೆಳಮನೆಯ ಮೇನನ್ನು ಚಾಲೂ ಮಾಡಿಸಿದರು, ಫ್ರಿಜ್ ತಿರುಗಿ ನಡೆಯತೊಡಗಿತು. ಅತ್ತೆ ಟೆಸ್ಟರನ್ನು ಕಾಕಾನ ಕೈಗೇ ಕೊಟ್ಟರು. ಕಾಕಾ ಅದನ್ನು ಫ್ರಿಜ್ಜಿನ ಬಾಗಿಲ ಹಿಡಿಗೆ ತಾಗಿಸಿದರು. ಕಿತ್ತಳೆ ದೀಪ ಭಗ್ಗೆಂದಿತು. ಅವರು ತೆಗೆದು ಮತ್ತೆ ತಾಗಿಸಿದರು. ಮತ್ತೆ ಹೊತ್ತಿತು. ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಆಯುಷ್ಯ ಕಳೆದ ಮನುಷ್ಯನಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಂಡತಿಯ ಕಾಲಿನ ಚಪ್ಪಲಿಯನ್ನು ಒಮ್ಮೆ ನೋಡಿದರು. ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತು ಕೆಳಗಿಟ್ಟರು.

ನಾವು ಮೇಲೆ ಬಂದೆವು. ಸಾಕೆಟ್ ಕೂಡಿಸುವುದು ಇನ್ನೂ ಬಾಕಿಯಿತ್ತು. ಅತ್ತೆ ಸಾಕೆಟ್ಟಿನ ಹಿಂಭಾಗ ತಿರುಗಿಸಿ, ತಂತಿ ಸೇರಿಸಲು ಹೊರಟವರು ಥಟ್ಟನೆ ನಿಂತರು. ಮುಂದಕ್ಕೆ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು. ಆಮೇಲೆ ಗಟ್ಟಿಯಾಗಿ ನಗತೊಡಗಿದರು.

"ಇಷ್ಟು ವರ್ಷ ಬರೇ ಇದರ ಮಾರಿ ಬರದು ಕಲಿಸೀನಿ. ಮ್ಯಾಲೆ ಭೂ, ಬಲಕ್ಕ ಸಜೀವ, ಎಡಕ್ಕ ತಟಸ್ಥ. ಬೆನ್ನಿನಿಂದ ನೋಡಿದ್ರ ಬಲ ಎಡ ಆಗತದ ಅಂತ ಒಬ್ಬ ಹುಡುಗಿಗೂ ಹೇಳಿಲ್ಲ ನೋಡು! ನನಗೂ ಯಾರೂ ಹೇಳಿಲ್ಲ."

ಹಿಂಭಾಗದ ಸ್ಕ್ರೂಗಳ ಪಕ್ಕ ಇಂಗ್ಲಿಷಿನ ಸಣ್ಣ ಅಕ್ಷರ ಅಚ್ಚಾಗಿದ್ದವು. ಅವನ್ನು ಕನ್ನಡಕದ ತುದಿಯಿಂದ ಓದಿ, ಮುಂಭಾಗದ ರಂಧ್ರಕ್ಕೆ ಕಡ್ಡಿ ತೂರಿಸಿ ತಾಳೆ ನೋಡಿ, ಆಮೇಲೆಯೇ ಸ್ಕ್ರೂ ಸಡಿಲಿಸಿದರು. ಸಜೀವ ತಂತಿ ಮೊದಲು ಸ್ವಿಚ್ಚಿಗೆ, ಸ್ವಿಚ್ಚಿನಿಂದ ಒಂದು ತುಂಡು ಸಾಕೆಟ್ಟಿಗೆ. ಕಪ್ಪು ದಾರದವಳು ತನ್ನ ಜಾಗಕ್ಕೆ. ಮೂರನೆಯವಳು ಮೇಲಿನ ದೊಡ್ಡ ರಂಧ್ರಕ್ಕೆ, ಎಲ್ಲಿ ತುಂಡಾದವಳೆಂದು ತಿಳಿದದ್ದರಿಂದ ಈಗ ಹಸಿರು ದಾರ ಕಟ್ಟಿಸಿಕೊಂಡು. ಪ್ರತಿಯೊಂದನ್ನೂ ಬಿಗಿದಾದ ಮೇಲೆ ಎಳೆದು ನೋಡಿದರು. ಒಂದು ಎಳೆಯೂ ಹೊರಗುಳಿಯದಂತೆ ತಾಮ್ರದ ತುದಿಗಳನ್ನು ಬತ್ತಿಯ ಹಾಗೆ ಹೊಸೆದಿದ್ದರು. ಮನೆಯಲ್ಲಿ ದಿನಾ ಹೂಬತ್ತಿ ಮಾಡುವ ಬೆರಳುಗಳವು.

ಸಂಜೆ ನಮ್ಮವರು ಬಂದು ಗೋಡೆಗೆ ನೆಟ್ಟಗೆ ಕೂತ ಸಾಕೆಟ್ ನೋಡಿ ಬೆರಗಾದರು. "ಅವ್ವಾ, ಹಾಕೇ ಬಿಡು. ಎರಡು ಮುಷ್ಟಿ ಜ್ವಾಳ ಬೀಸಿ ನೋಡೂಣು."

"ಕೆಳಗ ಅರ್ಥಿಂಗ್ ಆಗಲಿ."

"ಅರ್ಥಿಂಗ್ ಇಲ್ದನೂ ನಡೀತದಲ್ಲ?"

"ನಡೀತದ. ಫ್ರಿಜ್ಜೂ ನಡೀತಿತ್ತು," ಎಂದರು ಅತ್ತೆ, ಅಷ್ಟೇ. ಘರಘಂಟಿಯ ಮೇಲೆ ಒಂದು ಹಳೆಯ ಸೀರೆ ಹೊದಿಸಿ ಚಪಾತಿ ಹಿಟ್ಟು ನಾದಲು ಕೂತರು.

ಲಾಭಪಂಚಮಿಯ ತನಕ ನಮ್ಮಲ್ಲಿ ಚಪಾತಿ, ಕೆಳಗೆ ಫ್ರಿಜ್ಜಿಲ್ಲದ ಹಬ್ಬ. ಮಾಸಿ ಹಾಲನ್ನು ಮತ್ತೆ ಮತ್ತೆ ಕಾಯಿಸುತ್ತಿದ್ದರು. ಕಾಕಾ ಮಡಕೆಯ ನೀರು ಕುಡಿಯುತ್ತಿದ್ದರು, ಆದರೆ ಪ್ಲಗ್ಗನ್ನು ತಿರುಗಿ ಹಾಕಲಿಲ್ಲ. ವೈರ್‌ಮನ್ ಬಂದ ದಿನ ಕಾಕಾ ತಾವೇ ಅವನನ್ನು ಗೇಟಿನಿಂದ ಕರೆತಂದರು. ಹಿತ್ತಲಿನ ನಲ್ಲಿಯ ಹತ್ತಿರ ಗುಂಡಿ ತೋಡಿ, ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ, ನೀರು ಹೊಯ್ದರು. ಅಲ್ಲಿಂದ ಹೊಸ ತಂತಿ ಬೋರ್ಡಿಗೆ ಬಂತು. ಮೇಲಿನ ಮನೆಯ ತುಂಡಾದ ತಂತಿಯೂ ಕೂಡಿತು.

ವೈರ್‌ಮನ್ ನಮ್ಮ ಅಡುಗೆಮನೆಯ ಸಾಕೆಟ್ ಬಿಚ್ಚಿ ಒಳಗೆ ನೋಡಿದ. ಮೂರು ದಾರ ನೋಡಿ ಅವನ ಕಣ್ಣರಳಿತು. ಏನೂ ಬದಲಿಸದೆ ತಿರುಗಿ ಮುಚ್ಚಿದ.

"ಮಾಂಜೀ, ಆಪ್ ಲೈಟ್ ಬೋರ್ಡ್ ಮೇಂ ಥೀಂ ಕ್ಯಾ?" ಎಂದು ಕೇಳಿದ, ವಿದ್ಯುತ್ ಮಂಡಳಿಯಲ್ಲಿ ಕೆಲಸಕ್ಕಿದ್ದಿರಾ ಎಂದು.

"ನಹೀಂ ಭಾಯಿ," ಎಂದರು ಅತ್ತೆ, "ಬ್ಲ್ಯಾಕ್ ಬೋರ್ಡ್ ಮೇಂ ಥೀ."

ಅವನು ನಕ್ಕು ಕೆಳಗೆ ಹೋಗಿ ಫ್ರಿಜ್ಜಿನ ಪ್ಲಗ್ ಸಿಕ್ಕಿಸಿದ. ಸ್ವಿಚ್ ಹಾಕುತ್ತಲೇ ಟಪ್ ಎಂದು ಫ್ಯೂಸು ಹೋಯಿತು. ಕಾಕಾ ಗಾಬರಿಯಾದರು, ಇದ್ದದ್ದೂ ಕೆಟ್ಟಿತೆಂದು ತಿಳಿದರು. ಅತ್ತೆ ಮಾತ್ರ ಚಪ್ಪಾಳೆ ತಟ್ಟಿದರು. ಇಷ್ಟು ದಿನ ಕದ್ದು ಮೈಗೆ ಹತ್ತುತ್ತಿದ್ದ ಕರೆಂಟು ಈಗ ಭೂಮಿಗೆ ಹರಿಯಿತು, ಫ್ಯೂಸು ತನ್ನ ಕೆಲಸ ಮಾಡಿತು ಎಂದು ನನ್ನ ಮೂಲಕ ಎಲ್ಲರಿಗೂ ತಿಳಿಸಿದರು. ಫ್ರಿಜ್ ಎಳೆದು ನೋಡಿದರೆ ಹಿಂದೆ ಒಂದು ವೈರಿನ ಮೈ ತಿಕ್ಕಿ ತಿಕ್ಕಿ ಸುಲಿದು, ತಗಡಿಗೆ ತಾಗಿಕೊಂಡಿತ್ತು. ಅದನ್ನು ಬದಲಿಸಿ, ಫ್ಯೂಸು ಕಟ್ಟಿ, ಚಾಲೂ ಮಾಡಿದರು. ಅತ್ತೆ ಟೆಸ್ಟರ್ ಹಚ್ಚಿದರು. ದೀಪವಿಲ್ಲ. ಮಾಸಿ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತು, ಕಣ್ಣು ಮುಚ್ಚಿ ಹಿಡಿಗೆ ಕೈ ಹಚ್ಚಿದರು. ಕಣ್ಣು ತೆರೆದು ಅತ್ತೆಯನ್ನು ನೋಡಿದರು. ಆಮೇಲೆ ಬಂದು ಅವರನ್ನು ತಬ್ಬಿಕೊಂಡರು.

ಆ ಮಧ್ಯಾಹ್ನ ಘರಘಂಟಿ ಗರ್ರೆಂದು ತಿರುಗಿತು. ಹಿಟ್ಟು ಬೆಚ್ಚಗೆ, ಬೆಳ್ಳಗೆ ಬಂತು. ರೊಟ್ಟಿ ತಟ್ಟೆಯಗಲ ಬಂದರೂ ಅಂಚು ಒಡೆಯಲಿಲ್ಲ. ಕೆಳಗೂ ಕೊಟ್ಟೆವು, ಬೆಣ್ಣೆ ಮತ್ತು ಶೇಂಗಾ ಚಟ್ನಿಯ ಜೊತೆ.

ಅತ್ತೆ ಬೇಸಿಗೆಯ ತನಕ ನಮ್ಮಲ್ಲೇ ಉಳಿದರು. ಮಾಸಿ ಸುದ್ದಿಯನ್ನು ಓಣಿಯುದ್ದಕ್ಕೂ ಹಬ್ಬಿಸಿದ್ದರಿಂದ, ಮಧ್ಯಾಹ್ನದ ಹೊತ್ತು ಕೆಳಗಿನ ಜಗಲಿಗೆ ಹೆಂಗಸರು ಬರತೊಡಗಿದರು. ಒಬ್ಬರ ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಬ್ಬರ ಕೈಯಲ್ಲಿ ಪ್ಲಗ್ಗು ಸುಟ್ಟ ಮಿಕ್ಸರು. ಅತ್ತೆ ತಾವು ರಿಪೇರಿ ಮಾಡಿಕೊಡುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿಸಿ, ಯಾವ ತಂತಿ ಯಾವ ಪಿನ್ನಿಗೆಂದು ಅವರ ಬಾಯಿಂದಲೇ ಹೇಳಿಸಿ, ಅವರ ಕೈಯಿಂದಲೇ ಸ್ಕ್ರೂ ಬಿಗಿಸುತ್ತಿದ್ದರು. ಗೋಡೆಯೊಳಗಿನ ಕೆಲಸಕ್ಕೆ ಮಾತ್ರ ವೈರ್‌ಮನ್‌ನನ್ನೇ ಕರೆಯಬೇಕೆಂದು ಹೇಳಿ ಕಳಿಸುತ್ತಿದ್ದರು. ತಮಗೆ ಗೋಡೆಯಲ್ಲಿ ಗೊತ್ತಿರುವುದು ಒಂದೇ ಪೆಟ್ಟಿಗೆ ಎನ್ನುತ್ತಿದ್ದರು.

ಒಂದು ದಿನ ನಾನು ಕಚೇರಿಯಿಂದ ಬೇಗ ಬಂದೆ. ಜಗಲಿಯಲ್ಲಿ ಕಾಕಾ ಕೂತಿದ್ದರು, ಮುಂದೆ ಟೇಬಲ್ ಫ್ಯಾನಿನ ಪ್ಲಗ್ಗು ಬಿಚ್ಚಿಕೊಂಡು. ಸುತ್ತ ಹೆಂಗಸರು. ಹಸಿರು ತಂತಿಯನ್ನು ಅವರು ದಪ್ಪ ಪಿನ್ನಿನತ್ತ ಒಯ್ದು, ಅನುಮಾನದಿಂದ ತಲೆಯೆತ್ತಿ ಅತ್ತೆಯ ಕಡೆ ನೋಡಿದರು.

ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

"ಸೋಚೋ ಭಾಯಿಸಾಹೇಬ್," ಎಂದರು, "ಟೈಮ್ ಹೈ."